ಮೂರು ತಿಂಗಳೆಂದರೆ ಎಷ್ಟು ದಿನ? ಶಾಸನಗಳಲ್ಲಿ ಮುಂದಿನ ದಿನದ ಎಣಿಕೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲ, ಅಂದರೆ ಅಂಬ್ಲಿಗೊಳದ ಸುತ್ತಣ ತಾಳಗುಂದ, ಮಳವಳ್ಳಿ, ಬಂದಳಿಕೆ, ಬಳ್ಳಿಗಾವೆ, ಉದ್ರಿ, ಕುಪ್ಪಟೂರು, ಹಿರೇಆವಲಿಗಳ ಸೀಮೆ, ಕನ್ನಡನಾಡಿನ ಕಾಲಗಣನೆಯ ಚರಿತ್ರೆಯನ್ನು ಓದಲು ಒಳ್ಳೆಯ ಕ್ಷೇತ್ರ. ರಾಜ್ಯವರ್ಷ, ಋತುಪಕ್ಷ, ಬಾರ್ಹಸ್ಪತ್ಯ ಸಂವತ್ಸರ, ಶಕವರ್ಷ ಎಂದು ಕಾಲವನ್ನು ಹೇಳುವ ಹಲವು ಕ್ರಮಗಳೂ ಈ ಸೀಮೆಯಲ್ಲಿ ಮತ್ತು ಇದಕ್ಕೆ ತಾಗಿದ ಬನವಾಸಿಯಲ್ಲಿ ಒಂದರ ಮೇಲೊಂದು ಪದರದಂತೆ ಉಳಿದಿವೆ. ಶಾಸನದ ಮಿತಿಯನ್ನು ಇಂಗ್ಲಿಷ್ ತಾರೀಖಿಗೆ ಪರಿವರ್ತಿಸುವ ವಿಷಯದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಅದಕ್ಕೆ ಹೋಲಿಸಿದರೆ ಕಡಿಮೆ ಗಮನ ಪಡೆದ ಪ್ರಶ್ನೆಯೊಂದುಂಟು. ಇಂದಿನ ದಿನಕ್ಕೆ ಇಷ್ಟು ತಿಂಗಳನ್ನು ಕೂಡಿಸಿ ಮುಂದಿನ ದಿನವೊಂದನ್ನು ಗೊತ್ತುಮಾಡಬೇಕಾದಾಗ ಆ ಕಾಲದವರು ಏನನ್ನು ಕೂಡಿಸುತ್ತಿದ್ದರು? ದಾನ ಕೊಟ್ಟವನಿಗೂ, ವ್ರತ ಹಿಡಿದವನಿಗೂ, ಸಾಲ ಪಡೆದವನಿಗೂ ಈ ಲೆಕ್ಕ ಬೇಕಾಗಿತ್ತು. ‘ತಿಂಗಳು’ ಎಂಬ ಮಾತು ಒಂದೇ ಆದರೂ ಅದರ ಅಳತೆ ಒಂದೇ ಆಗಿರಲಿಲ್ಲ.

ಬನವಾಸಿಯ ನಾಗಪ್ರತಿಮೆಯ ಮೇಲಿನ ಪ್ರಾಕೃತ ಶಾಸನದಲ್ಲಿ ಕಾಲವನ್ನು ಹೇಳಿರುವ ರೀತಿ ಇಂದಿನ ಓದುಗನಿಗೆ ವಿಚಿತ್ರವೆನಿಸುತ್ತದೆ. ರಾಜ್ಯವರ್ಷ 12, ಹೇಮಂತದ 7ನೆಯ ಪಕ್ಷ, 1ನೆಯ ದಿವಸ. ಅಲ್ಲಿ ಮಾಸದ ಹೆಸರೇ ಇಲ್ಲ. ಮಳವಳ್ಳಿಯ ಕಂಬದ ಮೇಲಿರುವ ಚುಟುವಂಶದ ಶಾಸನವೂ ಇದೇ ದಾರಿಯದು. ಈ ಕ್ರಮದಲ್ಲಿ ವರ್ಷಕ್ಕೆ ಗ್ರೀಷ್ಮ, ವರ್ಷಾ, ಹೇಮಂತ ಎಂಬ ಮೂರೇ ಋತುಗಳು. ಒಂದೊಂದಕ್ಕೂ ನಾಲ್ಕು ತಿಂಗಳು, ಎಂಟು ಪಕ್ಷ. ಮಾಸವು ಹುಣ್ಣಿಮೆಗೆ ಮುಗಿಯುತ್ತದೆಂದು ಇಟ್ಟುಕೊಂಡರೆ ಹೇಮಂತದ ಏಳನೆಯ ಪಕ್ಷವು ಫಾಲ್ಗುಣದ ಕೃಷ್ಣಪಕ್ಷ, ಅದರ ಮೊದಲ ದಿನವು ಮಾಘದ ಹುಣ್ಣಿಮೆಯ ಮರುದಿನ. ಇಂಥ ವ್ಯವಸ್ಥೆಯಲ್ಲಿ ತಿಂಗಳನ್ನು ಕೂಡಿಸುವುದೆಂದರೆ ಪಕ್ಷಗಳನ್ನು ಎಣಿಸುವುದು. ಎರಡು ತಿಂಗಳು ಬೇಕಾದರೆ ನಾಲ್ಕು ಪಕ್ಷ ಮುಂದಕ್ಕೆ ಹೋಗಬೇಕು, ಎಂಟನ್ನು ಮೀರಿದರೆ ಮುಂದಿನ ಋತುವಿಗೆ ದಾಟಬೇಕು.

ಕದಂಬರ ತಾಮ್ರಪಟಗಳಲ್ಲಿ ಈ ಹಳೆಯ ಕ್ರಮ ಪೂರ್ತಿಯಾಗಿ ಅಳಿದಿರಲಿಲ್ಲ. ಮೃಗೇಶವರ್ಮನ ನಾಲ್ಕನೆಯ ರಾಜ್ಯವರ್ಷದ ದೇವಗಿರಿ ಪಟವು ಕಾಲವಂಗ ಗ್ರಾಮವನ್ನು ಮೂರು ಭಾಗ ಮಾಡಿ ಅರ್ಹದ್ದೇವತೆಗೆ ಒಂದು, ಶ್ವೇತಪಟ ಮಹಾಶ್ರಮಣಸಂಘಕ್ಕೆ ಒಂದು, ನಿರ್ಗ್ರಂಥ ಮಹಾಶ್ರಮಣಸಂಘಕ್ಕೆ ಒಂದು ಎಂದು ಕೊಟ್ಟ ದಾನವನ್ನು ಹೇಳುತ್ತದೆ. ಎರಡು ಸಂಘಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿರುವ ಕಾರಣಕ್ಕೆ ಈ ಪಟ ಪ್ರಸಿದ್ಧ. ಅದರ ಮಿತಿಗೆ ಅಷ್ಟು ಗಮನ ಸಿಕ್ಕಿಲ್ಲ. ವರ್ಷಾಋತುವಿನ ಎಂಟನೆಯ ಪಕ್ಷ, ಹುಣ್ಣಿಮೆ ಎಂಬುದು ಆ ಮಿತಿ. ಆಷಾಢದ ಹುಣ್ಣಿಮೆಯ ಮರುದಿನದಿಂದ ಎಣಿಸಿದರೆ ಶ್ರಾವಣಕ್ಕೆ ಎರಡು, ಭಾದ್ರಪದಕ್ಕೆ ಎರಡು, ಆಶ್ವಯುಜಕ್ಕೆ ಎರಡು, ಕಾರ್ತಿಕಕ್ಕೆ ಎರಡು ಪಕ್ಷಗಳಾಗಿ ಎಂಟನೆಯದು ಕಾರ್ತಿಕ ಶುಕ್ಲಪಕ್ಷವಾಗುತ್ತದೆ, ಅದರ ಕೊನೆಯೇ ಕಾರ್ತಿಕದ ಹುಣ್ಣಿಮೆ. ಮಾಸವು ಅಮಾವಾಸ್ಯೆಗೆ ಮುಗಿಯುವ ಇಂದಿನ ಕನ್ನಡನಾಡಿನ ಕ್ರಮದಲ್ಲಿ ಸಮಸಂಖ್ಯೆಯ ಪಕ್ಷವು ಹುಣ್ಣಿಮೆಯಲ್ಲಿ ಕೊನೆಗೊಳ್ಳಲು ಸಾಧ್ಯವೇ ಇಲ್ಲ. ಆದ್ದರಿಂದ ಐದನೆಯ ಶತಮಾನದ ಈ ಶಾಸನವನ್ನು ಬರೆದವನ ಲೆಕ್ಕ ಪೂರ್ಣಿಮಾಂತವಾದುದು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ದಾನದ ದಿನವು ಮುನಿಗಳ ಚಾತುರ್ಮಾಸ್ಯ ಮುಗಿಯುವ ದಿನವೇ ಆಗಿದೆ. ನಾಲ್ಕು ತಿಂಗಳು ಒಂದೇ ಎಡೆಯಲ್ಲಿ ನಿಂತ ಸಂಘವು ವಿಹಾರಕ್ಕೆ ಹೊರಡುವ ಹೊತ್ತಿಗೆ ಅರಸನು ದಾನವನ್ನು ಕೊಟ್ಟಿದ್ದಾನೆ. ಆಷಾಢದ ಹುಣ್ಣಿಮೆಗೆ ನಾಲ್ಕು ತಿಂಗಳನ್ನು ಕೂಡಿಸಿದ ಮೊತ್ತವನ್ನು ಶಾಸನವು ‘ಎಂಟನೆಯ ಪಕ್ಷ’ ಎಂಬ ಮಾತಿನಲ್ಲಿ ಹಿಡಿದಿದೆ.

ಹಲಸಿಯ ರವಿವರ್ಮನ ಪಟದಲ್ಲಿ ಇದೇ ಲೆಕ್ಕವು ವ್ಯವಸ್ಥೆಯ ರೂಪ ತಾಳುತ್ತದೆ. ಪುರುಖೇಟಕ ಗ್ರಾಮದ ಆದಾಯದಿಂದ ಪ್ರತಿವರ್ಷವೂ ಕಾರ್ತಿಕದ ಹುಣ್ಣಿಮೆಯಲ್ಲಿ ಜಿನೇಂದ್ರನ ಎಂಟು ದಿನಗಳ ಮಹಿಮೆಯನ್ನು ನಡೆಸಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರ ನಡೆಯಬೇಕು ಎಂಬುದು ಅರಸನ ಕಟ್ಟಳೆ. ಇಂದಿಗೂ ಅಷ್ಟಾಹ್ನಿಕ ಪರ್ವವು ಆಷಾಢ, ಕಾರ್ತಿಕ, ಫಾಲ್ಗುಣಗಳ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ನಡೆಯುತ್ತದೆ. ಆಷಾಢಕ್ಕೆ ನಾಲ್ಕು ಕೂಡಿಸಿದರೆ ಕಾರ್ತಿಕ, ಕಾರ್ತಿಕಕ್ಕೆ ನಾಲ್ಕು ಕೂಡಿಸಿದರೆ ಫಾಲ್ಗುಣ, ಇನ್ನು ನಾಲ್ಕಕ್ಕೆ ಮತ್ತೆ ಆಷಾಢ. ಹಳೆಯ ಮೂರು ಋತುಗಳ ವರ್ಷವು ಶಾಸನಗಳಿಂದ ಮರೆಯಾದ ಮೇಲೂ ಈ ಪರ್ವದ ಬೆನ್ನೆಲುಬಿನಲ್ಲಿ ಉಳಿದುಕೊಂಡಿದೆ.

ಆದರೆ ಕದಂಬರ ಕಾಲದ ಲೆಕ್ಕವೆಲ್ಲ ಹೀಗೆ ಸಲೀಸಾಗಿಲ್ಲ. ಮೃಗೇಶವರ್ಮನ ಮೂರನೆಯ ವರ್ಷದ ಪಟವು ಪೌಷ ಸಂವತ್ಸರ, ಕಾರ್ತಿಕ ಬಹುಳ ದಶಮಿ, ಉತ್ತರಭಾದ್ರಪದಾ ನಕ್ಷತ್ರ ಎನ್ನುತ್ತದೆ. ಕಾರ್ತಿಕದ ಹುಣ್ಣಿಮೆಯಲ್ಲಿ ಚಂದ್ರನು ಕೃತ್ತಿಕೆಯ ಬಳಿ ಇರುತ್ತಾನೆ. ಉತ್ತರಭಾದ್ರಪದೆಯು ಅದಕ್ಕೆ ನಾಲ್ಕು ನಕ್ಷತ್ರ ಹಿಂದೆ, ಎಂದರೆ ಶುಕ್ಲಪಕ್ಷದಲ್ಲಿ ಬರಬೇಕು, ಬಹುಳದಲ್ಲಿ ಬರುವಂತಿಲ್ಲ. ಪೂರ್ಣಿಮಾಂತವನ್ನು ಹಿಡಿದರೂ ಅಮಾಂತವನ್ನು ಹಿಡಿದರೂ ಬಹುಳ ದಶಮಿಯ ಚಂದ್ರನು ಫಲ್ಗುಣಿಗಳ ಆಚೀಚೆ ಇರುತ್ತಾನೆ. ಉತ್ತರಫಲ್ಗುಣಿಯನ್ನು ಬರೆಯಹೋಗಿ, ಹೆಸರಿನ ಮೊದಲ ಭಾಗ ಒಂದೇ ಆದುದರಿಂದ, ಉತ್ತರಭಾದ್ರಪದೆಯನ್ನು ಬರೆದಿರುವುದು ಹೆಚ್ಚು ಸಂಭವನೀಯ. ಇನ್ನು ಸಂವತ್ಸರದ ಹೆಸರು. ಅದೇ ಅರಸನ ಎಂಟನೆಯ ವರ್ಷದ ಹಲಸಿಯ ಪಟವು ವೈಶಾಖ ಸಂವತ್ಸರದ ಕಾರ್ತಿಕ ಹುಣ್ಣಿಮೆಯದು. ಮೂರರಿಂದ ಎಂಟಕ್ಕೆ ಐದು ವರ್ಷ. ಆದರೆ ಪೌಷದಿಂದ ಮಾಘ, ಫಾಲ್ಗುಣ, ಚೈತ್ರ, ವೈಶಾಖ ಎಂದು ನಾಲ್ಕೇ ಹೆಜ್ಜೆ. ಮೊದಲ ನೋಟಕ್ಕೆ ಇದು ತಪ್ಪು. ಈ ಹನ್ನೆರಡರ ಚಕ್ರದಲ್ಲಿ ಸಂವತ್ಸರಕ್ಕೆ ಹೆಸರು ಬರುವುದು ಗುರುಗ್ರಹದ ಉದಯದಿಂದ ಎಂಬುದನ್ನು ನೆನೆದರೆ ತೊಡಕು ಬಿಡಿಸಿಕೊಳ್ಳುತ್ತದೆ. ಗುರುವಿನ ಒಂದು ಉದಯದಿಂದ ಮತ್ತೊಂದಕ್ಕೆ ಸುಮಾರು 399 ದಿನ. ಐದು ಸೌರವರ್ಷಗಳ 1826 ದಿನಗಳಲ್ಲಿ ಕೆಲವೊಮ್ಮೆ ಐದು, ಕೆಲವೊಮ್ಮೆ ನಾಲ್ಕೇ ಉದಯಗಳು ಬೀಳುತ್ತವೆ. ರಾಜ್ಯವರ್ಷಕ್ಕೆ ಐದನ್ನು ಕೂಡಿಸಿದ ಮಾತ್ರಕ್ಕೆ ಸಂವತ್ಸರದ ಹೆಸರಿಗೂ ಐದನ್ನು ಕೂಡಿಸಬಾರದು. ಎರಡೂ ‘ವರ್ಷ’ವೇ ಆದರೂ ಅವುಗಳ ಗಜಕಡ್ಡಿ ಬೇರೆ ಬೇರೆ.

ತಿಂಗಳ ವಿಷಯದಲ್ಲಿಯೂ ಇಂಥದೇ ಸ್ಥಿತಿ. ಸೂರ್ಯಪ್ರಜ್ಞಪ್ತಿಯ ಲೆಕ್ಕದಲ್ಲಿ ಯುಗವೆಂದರೆ ಐದು ವರ್ಷ, 1830 ಅಹೋರಾತ್ರಿ. ತಿಲೋಯಪಣ್ಣತ್ತಿಯೂ ಐದು ವರ್ಷದ ಯುಗವನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತದೆ. ಆ 1830 ದಿನಗಳನ್ನು 60ರಿಂದ ಭಾಗಿಸಿದರೆ ಮೂವತ್ತೂವರೆ ದಿನದ ಸೌರಮಾಸ, 61ರಿಂದ ಭಾಗಿಸಿದರೆ ಸರಿಯಾಗಿ ಮೂವತ್ತು ದಿನದ ಋತುಮಾಸ ಅಥವಾ ಕರ್ಮಮಾಸ, 62ರಿಂದ ಭಾಗಿಸಿದರೆ ಇಪ್ಪತ್ತೊಂಬತ್ತೂ ಅರವತ್ತೆರಡರಲ್ಲಿ ಮೂವತ್ತೆರಡು ಭಾಗದ ಚಾಂದ್ರಮಾಸ, 67ರಿಂದ ಭಾಗಿಸಿದರೆ ಇಪ್ಪತ್ತೇಳೂ ಅರವತ್ತೇಳರಲ್ಲಿ ಇಪ್ಪತ್ತೊಂದು ಭಾಗದ ನಾಕ್ಷತ್ರಮಾಸ. ಇವಲ್ಲದೆ ಅಧಿಕಮಾಸವುಳ್ಳ ವರ್ಷದ ಹದಿಮೂರು ಚಾಂದ್ರಮಾಸಗಳನ್ನು ಹನ್ನೆರಡಾಗಿ ಹಂಚಿದಾಗ ದೊರೆಯುವ, ಮೂವತ್ತೆರಡು ದಿನಕ್ಕೆ ಅತಿ ಸಮೀಪವಾದ ‘ಅಭಿವರ್ಧಿತ’ ಮಾಸವೂ ಒಂದು. ಒಂದೇ ಮಾತಿಗೆ ಐದು ಅಳತೆಗಳು. ಇದು ಶಾಸ್ತ್ರಕಾರರ ಗಣಿತವಿನೋದವಷ್ಟೇ ಎನ್ನುವಂತಿಲ್ಲ. ಕೌಟಿಲ್ಯನೂ ಮೂವತ್ತು ದಿನದ ಪ್ರಕರ್ಮಮಾಸ, ಅದಕ್ಕೆ ಅರ್ಧದಿನ ಹೆಚ್ಚಾದ ಸೌರ, ಅರ್ಧದಿನ ಕಡಿಮೆಯಾದ ಚಾಂದ್ರ, ಇಪ್ಪತ್ತೇಳರ ನಾಕ್ಷತ್ರ ಇವುಗಳ ಸಾಲಿನಲ್ಲಿಯೇ ಕುದುರೆ ನೋಡಿಕೊಳ್ಳುವವರಿಗೆ ಮೂವತ್ತೈದು ದಿನ, ಆನೆ ನೋಡಿಕೊಳ್ಳುವವರಿಗೆ ನಲವತ್ತು ದಿನದ ತಿಂಗಳನ್ನೂ ಎಣಿಸಿದ್ದಾನೆ. ಮಾವುತನ ತಿಂಗಳು ಲೆಕ್ಕಿಗನ ತಿಂಗಳಿಗಿಂತ ಹತ್ತು ದಿನ ಉದ್ದ! ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಪರಿಭಾಷೆಯಲ್ಲಿ ಈ ಗೊಂದಲವನ್ನೆಲ್ಲ ಬದಿಗಿಟ್ಟು ಹದಿನೈದು ದಿನಕ್ಕೆ ಪಕ್ಷ, ಎರಡು ಪಕ್ಷಕ್ಕೆ ಮಾಸ, ಎರಡು ಮಾಸಕ್ಕೆ ಋತು, ಮೂರು ಋತುವಿಗೆ ಅಯನ ಎಂದು ಚೊಕ್ಕಟವಾಗಿ ಹೇಳುತ್ತಾನೆ. ಬಡ್ಡಿಯ ಲೆಕ್ಕ ಮಾಡುವವನಿಗೆ ಅಷ್ಟೇ ಬೇಕು.

ಯುಗದ ಈ ಲೆಕ್ಕದಲ್ಲಿ ಅಧಿಕಮಾಸಗಳು ಎರಡೇ. ಯುಗವು ಶ್ರಾವಣ ಕೃಷ್ಣ ಪಾಡ್ಯದಂದು ತೊಡಗುತ್ತದೆ. ಮೂವತ್ತು ತಿಂಗಳು ಕಳೆದು ಪೌಷ ಬಂದಾಗ ಇನ್ನೊಂದು ಪೌಷ, ಅಲ್ಲಿಂದ ಮತ್ತೆ ಮೂವತ್ತು ಕಳೆದಾಗ ಕೊನೆಗೆ ಇನ್ನೊಂದು ಆಷಾಢ. ಒಟ್ಟು ಅರವತ್ತೆರಡು. ಈ ವ್ಯವಸ್ಥೆಯ ಜಾಣತನ ಕಣ್ಣಿಗೆ ಬೀಳುವುದು ಚಾತುರ್ಮಾಸ್ಯವನ್ನು ಅದರೊಳಗಿಟ್ಟು ನೋಡಿದಾಗ. ಅಧಿಕವಾದುದು ಪೌಷವಾದರೆ ಮಳೆಗಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಆಷಾಢವಾದರೆ ಎರಡನೆಯ ಆಷಾಢದ ಹುಣ್ಣಿಮೆಯ ಮೇಲೆ ವರ್ಷಾಯೋಗ ತೊಡಗುತ್ತದೆ. ಯಾವ ವರ್ಷವಾದರೂ ಸರಿ, ಆಷಾಢದ ಹುಣ್ಣಿಮೆಗೆ ನಾಲ್ಕು ತಿಂಗಳನ್ನು ಕೂಡಿಸಿದರೆ ನಾಲ್ಕೇ ತಿಂಗಳು. ಐದಾಗುವ ಪ್ರಸಂಗವೇ ಬರುವುದಿಲ್ಲ. ಭಗವತೀ ಆರಾಧನೆಯ ಟೀಕಾಕಾರನಾದ ಅಪರಾಜಿತಸೂರಿಯು ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ಕಾಲವನ್ನು ತಿಂಗಳ ಲೆಕ್ಕದಲ್ಲಷ್ಟೇ ಬಿಡದೆ ನೂರಿಪ್ಪತ್ತು ದಿನವೆಂದು ಸಂಖ್ಯೆಯಲ್ಲಿ ಹೇಳಲು ಸಾಧ್ಯವಾದುದು ಇಂಥ ನಿಶ್ಚಯದ ಹಿನ್ನೆಲೆಯಲ್ಲಿ.

ಈ ನಿಶ್ಚಯ ಬಹುಕಾಲ ಉಳಿಯುವಂತಿರಲಿಲ್ಲ. ಅರವತ್ತೆರಡು ಚಾಂದ್ರಮಾಸಗಳ ನಿಜವಾದ ಅಳತೆ 1830 ದಿನವಲ್ಲ, ಅದಕ್ಕಿಂತ ಸುಮಾರು ಇಪ್ಪತ್ತೊಂದೂವರೆ ಗಂಟೆ ಹೆಚ್ಚು. ಐದು ಸೌರವರ್ಷಗಳಾದರೋ 1826 ದಿನಗಳಿಗೆ ತುಸು ಮೇಲೆ. ಒಂದು ಯುಗಕ್ಕೆ ಹುಣ್ಣಿಮೆ ಒಂದು ದಿನದಷ್ಟು, ಋತು ಸುಮಾರು ನಾಲ್ಕು ದಿನದಷ್ಟು ಕೈತಪ್ಪುತ್ತ ಹೋದರೆ ನೂರು ವರ್ಷದಲ್ಲಿ ಗ್ರಂಥದ ಹುಣ್ಣಿಮೆಯಂದು ಆಕಾಶದಲ್ಲಿ ಚಂದ್ರನೇ ಇರಲಾರ. ಹೀಗಾಗಿ ಕನ್ನಡನಾಡಿನ ಜೈನಶಾಸನಗಳೂ ಇತರ ಶಾಸನಗಳಂತೆ ಸಿದ್ಧಾಂತಗ್ರಂಥಗಳ ಪಂಚಾಂಗವನ್ನೇ ಹಿಡಿದವು. ಸಿದ್ಧಾಂತದಲ್ಲಿ ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕ, ಹತ್ತೊಂಬತ್ತು ವರ್ಷಕ್ಕೆ ಏಳು. ಅದು ಶ್ರಾವಣಕ್ಕೂ ಬರಬಹುದು, ಭಾದ್ರಪದಕ್ಕೂ ಆಶ್ವಯುಜಕ್ಕೂ ಬರಬಹುದು. ಅಂದಿನಿಂದ ‘ನಾಲ್ಕು ತಿಂಗಳು’ ಎಂಬ ಮಾತು ಕೆಲವು ವರ್ಷಗಳಲ್ಲಿ ಐದು ತಿಂಗಳಾಯಿತು. 2024ರಲ್ಲಿ ಆಷಾಢದ ಹುಣ್ಣಿಮೆ ಜುಲೈ 21ಕ್ಕೆ, ಕಾರ್ತಿಕದ ಹುಣ್ಣಿಮೆ ನವೆಂಬರ್ 15ಕ್ಕೆ, ನಡುವೆ 117 ದಿನ. ಅದರ ಹಿಂದಿನ 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಜುಲೈ 3ರಿಂದ ನವೆಂಬರ್ 27ರವರೆಗೆ 147 ದಿನ.

ಶ್ವೇತಾಂಬರ ಪರಂಪರೆಯಲ್ಲಿ ಇದು ಗಚ್ಛಗಚ್ಛಗಳ ನಡುವಣ ವಿವಾದಕ್ಕೇ ಕಾರಣವಾಯಿತು. ಮಳೆಗಾಲದ ಒಂದು ತಿಂಗಳು ಇಪ್ಪತ್ತು ರಾತ್ರಿಗಳು ಕಳೆದ ಮೇಲೆ, ಎಪ್ಪತ್ತು ಉಳಿದಿರುವಾಗ ಪರ್ಯುಷಣವೆಂಬುದು ಆಗಮದ ಲೆಕ್ಕ. ಆಷಾಢದ ಹುಣ್ಣಿಮೆಯಿಂದ ಶ್ರಾವಣದ ಮೂವತ್ತು, ಭಾದ್ರಪದ ಕೃಷ್ಣದ ಹದಿನೈದು, ಶುಕ್ಲದ ಐದು ಸೇರಿದರೆ ಐವತ್ತು ತಿಥಿ, ಭಾದ್ರಪದ ಶುಕ್ಲ ಪಂಚಮಿ. ಅಲ್ಲಿಂದ ಕಾರ್ತಿಕದ ಹುಣ್ಣಿಮೆಗೆ ಎಪ್ಪತ್ತು. ದಿಗಂಬರರ ದಶಲಕ್ಷಣಪರ್ವ ತೊಡಗುವುದೂ ಅದೇ ಪಂಚಮಿಗೆ. ಐವತ್ತೂ ಎಪ್ಪತ್ತೂ ಸೇರಿ ನೂರಿಪ್ಪತ್ತಾಗುವುದು ಅಧಿಕವಿಲ್ಲದ ವರ್ಷದಲ್ಲಿ ಮಾತ್ರ. ಶ್ರಾವಣ ಎರಡಾದಾಗ ಮುಂದಿನಿಂದ ಐವತ್ತನ್ನು ಎಣಿಸಬೇಕೋ ಹಿಂದಿನಿಂದ ಎಪ್ಪತ್ತನ್ನು ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆಯಲ್ಲಿ ಖರತರಗಚ್ಛ ಒಂದು ದಾರಿ, ತಪಾಗಚ್ಛ ಮತ್ತೊಂದು ದಾರಿ ಹಿಡಿದವು. ಎರಡಕ್ಕೂ ಆಧಾರ ಆಗಮದ ಒಂದೇ ಮಾತು. ಆ ಮಾತು ಹುಟ್ಟಿದ ಪಂಚಾಂಗದಲ್ಲಿ ಇಂಥ ಪ್ರಶ್ನೆಗೆ ಎಡೆಯೇ ಇರಲಿಲ್ಲ.

ದಾನ, ಪರ್ವಗಳ ಲೆಕ್ಕವನ್ನು ಬಿಟ್ಟು ವ್ಯಕ್ತಿಯ ವ್ರತದ ಕಡೆಗೆ ಬಂದರೆ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಬಾಳಿರುವವರೆಗಿನ ತ್ಯಾಗವನ್ನು ಯಮವೆಂದೂ ಕಾಲದ ಎಲ್ಲೆಯುಳ್ಳ ತ್ಯಾಗವನ್ನು ನಿಯಮವೆಂದೂ ಬೇರ್ಪಡಿಸುತ್ತದೆ. ಆ ಎಲ್ಲೆಗಳನ್ನು ಒಂದೊಂದಾಗಿ ಹೆಸರಿಸಿಯೂ ಇದೆ: ಇಂದು, ಹಗಲು, ಇರುಳು, ಪಕ್ಷ, ಮಾಸ, ಋತು, ಅಯನ. ಶ್ರಾವಕನು ತಾನು ಓಡಾಡುವ ಪ್ರದೇಶವನ್ನು ಕಿರಿದುಗೊಳಿಸಿಕೊಳ್ಳುವ ದೇಶಾವಕಾಶಿಕ ವ್ರತದಲ್ಲಿ ವರ್ಷ, ಚಾತುರ್ಮಾಸ, ನಕ್ಷತ್ರಗಳೂ ಸೇರುತ್ತವೆ. ನಕ್ಷತ್ರವನ್ನು ಕಾಲದ ಅಳತೆಯಾಗಿ ಇಟ್ಟುಕೊಂಡಿರುವುದು ಕುತೂಹಲಕರ. ಚಂದ್ರನು ಒಂದು ನಕ್ಷತ್ರದಲ್ಲಿ ಒಂದು ದಿನ ಮಾತ್ರ ಇರುತ್ತಾನೆ, ಸೂರ್ಯನು ಹದಿಮೂರು ಹದಿನಾಲ್ಕು ದಿನ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಎಣಿಸಿ ಬಿತ್ತನೆಗೂ ನಾಟಿಗೂ ದಿನ ಗೊತ್ತುಮಾಡುವ ಶಿಕಾರಿಪುರ, ಸೊರಬದ ರೈತನ ಲೆಕ್ಕ ಈ ಎರಡನೆಯದು. ಅಧಿಕಮಾಸ ಅದನ್ನು ಮುಟ್ಟುವುದಿಲ್ಲ.

ವ್ರತಕಾಲವನ್ನು ತಿಂಗಳುಗಳಲ್ಲಿ ಹೇಳುವ ಕನ್ನಡ ಶಾಸನಗಳಲ್ಲಿ ಹಳೆಯವು ಬೆಳ್ಗೊಳದ ಚಂದ್ರಗಿರಿಯವು. ಅಂಬ್ಲಿಗೊಳದಲ್ಲಿಯೂ ಬೆಳ್ಗೊಳದಲ್ಲಿಯೂ ಉಳಿದಿರುವ ‘ಕೊಳ’ದ ಹಾಗೆ ಆ ಶಾಸನಗಳ ಕನ್ನಡವೂ ತೆಳು, ತಿಳಿ. ಏಳನೆಯ ಶತಮಾನದ ಆಸುಪಾಸಿನ ಲಿಪಿಯಲ್ಲಿರುವ ಒಂದು ಬರಹ ಚಿತ್ತೂರಿನ ಮೌನಿಗುರವಡಿಗಳ ಶಿಷ್ಯೆಯಾದ ನಾಗಮತಿಗಂತಿಯರು ಮೂರು ತಿಂಗಳು ನೋಂತು ಮುಡಿಪಿದರೆಂದು ಹೇಳಿ ಮುಗಿಯುತ್ತದೆ. ಇನ್ನೊಂದು ಮಲನೂರಿನ ಪಟ್ಟಿನಿಗುರವಡಿಗಳ ಶಿಷ್ಯರಾದ ಉಗ್ರಸೇನಗುರವಡಿಗಳ ಒಂದು ತಿಂಗಳ ಸಂನ್ಯಸನವನ್ನು ಹೇಳುತ್ತದೆ. ವರ್ಷವಿಲ್ಲ, ತಿಥಿಯಿಲ್ಲ, ವಾರವಿಲ್ಲ. ಇರುವುದು ಅವಧಿಯೊಂದೇ. ನಾಗಮತಿಗಂತಿಯರ ಮೂರು ತಿಂಗಳು ಎಷ್ಟು ದಿನ? ನಾಕ್ಷತ್ರವಾದರೆ 82, ಚಾಂದ್ರವಾದರೆ 88 ಅಥವಾ 89, ಕರ್ಮಮಾಸವಾದರೆ 90, ಸೌರವಾದರೆ ತೊಂಬತ್ತೊಂದೂವರೆ, ಅಭಿವರ್ಧಿತವಾದರೆ 96. ಕನಿಷ್ಠಕ್ಕೂ ಗರಿಷ್ಠಕ್ಕೂ ಹದಿನಾಲ್ಕು ದಿನದ ಅಂತರ. ಅನ್ನಪಾನಗಳನ್ನು ಕ್ರಮವಾಗಿ ಬಿಡುತ್ತಿರುವ ದೇಹಕ್ಕೆ ಹದಿನಾಲ್ಕು ದಿನ ಅಲ್ಪವಾದ ಸಂಖ್ಯೆಯಲ್ಲ. ಕನ್ನಡದ ‘ತಿಂಗಳ್’ ಎಂಬ ಮಾತೇ ಚಂದ್ರನ ಹೆಸರೂ ಆಗಿರುವುದನ್ನು ಹಿಡಿದು ಇದನ್ನು ಚಾಂದ್ರವೆಂದು ತಿಳಿಯುವುದು ಸಹಜ. ಹುಣ್ಣಿಮೆಯಿಂದ ಹುಣ್ಣಿಮೆಗೆ ಕಣ್ಣಿಂದ ಕಂಡು ಎಣಿಸಬಹುದಾದ ತಿಂಗಳು ಅದೊಂದೇ. ಗ್ರಂಥದ ಅಳತೆಗಳು ಐದಿದ್ದರೂ ಬೆಟ್ಟದ ಮೇಲೆ ಕುಳಿತವರಿಗೆ ಎಣಿಕೆಯ ಸಾಧನ ಆಕಾಶವೇ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಚಂದ್ರಗಿರಿಯ ‘ಮೂರು ತಿಂಗಳು’ ಹಿಂತಿರುಗಿ ನೋಡಿ ಎಣಿಸಿದ ಅವಧಿ. ಸಂನ್ಯಸನ ಹಿಡಿದ ದಿನ ಯಾರೂ ಇಂಥ ದಿನಕ್ಕೆ ಮುಗಿಯುತ್ತದೆಂದು ಕೂಡಿಸಿ ಹೇಳಿದುದಲ್ಲ. ಕೂಡಿಸಿ ಹೇಳಿದ ಲೆಕ್ಕ ಬೇರೆಯಿದೆ. ಭಗವತೀ ಆರಾಧನೆಯು ಭಕ್ತಪ್ರತ್ಯಾಖ್ಯಾನದ ಉತ್ಕೃಷ್ಟ ಕಾಲವನ್ನು ಹನ್ನೆರಡು ವರ್ಷವೆಂದು ಇಟ್ಟು ಅದನ್ನು ಹಂಚುತ್ತದೆ: ನಾನಾ ಬಗೆಯ ಕಾಯಕ್ಲೇಶಕ್ಕೆ ನಾಲ್ಕು ವರ್ಷ, ರಸಗಳನ್ನು ಬಿಡುವುದಕ್ಕೆ ನಾಲ್ಕು, ಆಚಾಮ್ಲ ಮತ್ತು ನಿರ್ವಿಕೃತಿಗಳಿಗೆ ಎರಡು, ಆಚಾಮ್ಲವೊಂದಕ್ಕೇ ಒಂದು, ಮಧ್ಯಮ ತಪಸ್ಸಿಗೆ ಅರ್ಧ, ಉಗ್ರತಪಸ್ಸಿಗೆ ಉಳಿದರ್ಧ. ಇಂದಿನಿಂದ ಎಣಿಸಿ ಪ್ರತಿಯೊಂದು ಘಟ್ಟವೂ ಯಾವಾಗ ಬದಲಾಗಬೇಕೆಂಬುದನ್ನು ಕಂಡುಕೊಳ್ಳಬಹುದಾದ ಪಟ್ಟಿಯಿದು. ಕೊನೆಯ ಎರಡು ಅರ್ಧವರ್ಷಗಳಲ್ಲಿ ಅಧಿಕಮಾಸ ಯಾವುದರೊಳಗೆ ಬಿತ್ತು ಎಂಬುದರ ಮೇಲೆ ಉಗ್ರತಪಸ್ಸಿನ ಕಾಲ ಆರು ತಿಂಗಳಾಗಬಹುದು, ಏಳಾಗಬಹುದು. ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಗಾಹೆಗಳು ಇದೇ ಗ್ರಂಥದವು.

ನಾಗರಖಂಡದ ಕಡೆಗೆ ಮರಳಿದರೆ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ ಎದುರಾಗುತ್ತದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ. ಗಂಡ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ 911ರ ಸುಮಾರಿಗೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ಪಡೆದ ಈಕೆ ಆಡಳಿತದಲ್ಲಿಯೂ ಜಿನಶಾಸನದ ಭಕ್ತಿಯಲ್ಲಿಯೂ ಹೆಸರಾದಳು. 918ರಲ್ಲಿ ವ್ಯಾಧಿಗೆ ತುತ್ತಾಗಿ, ಅಧಿಕಾರವನ್ನು ಮಗಳಿಗೊಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಮಾಧಿಯನ್ನು ಸಾಧಿಸಿದಳು. ಇಂಥ ದೊಡ್ಡ ಅವಧಿಯ ಎಣಿಕೆಗೆ ಅರವತ್ತು ಸಂವತ್ಸರಗಳ ಚಕ್ರವೇ ಸಾಧನ. 911ರ ಯುಗಾದಿಯಿಂದ ನಡೆಯುವುದು ಐದನೆಯದಾದ ಪ್ರಜಾಪತಿ, 918ರದು ಹನ್ನೆರಡನೆಯದಾದ ಬಹುಧಾನ್ಯ. ಹೆಸರುಗಳ ನಡುವೆ ಏಳು ಹೆಜ್ಜೆ, ಏಳು ವರ್ಷ. ಹಳೆಯ ಹನ್ನೆರಡರ ಚಕ್ರದಂತಲ್ಲದೆ ದಕ್ಷಿಣದ ಈ ಅರವತ್ತರ ಚಕ್ರದಲ್ಲಿ ಗುರುವಿನ ಚಲನೆಯ ಸಂಬಂಧ ಕಡಿದುಹೋಗಿದ್ದು, ವರ್ಷಕ್ಕೊಂದು ಹೆಸರು ತಪ್ಪದೆ ಬರುತ್ತದೆ. ಕೂಡುವವನಿಗೆ ಇದಕ್ಕಿಂತ ಅನುಕೂಲವಾದುದು ಮತ್ತೊಂದಿಲ್ಲ. ಶಕವರ್ಷದ ಸಂಖ್ಯೆಯಲ್ಲಿ ಸಂದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬ ಗೊಂದಲದಿಂದ ಒಂದು ವರ್ಷ ಆಚೀಚೆಯಾಗುವುದು ಸಾಮಾನ್ಯ. ಆ ತಪ್ಪನ್ನು ಹಿಡಿದುಕೊಡುವುದೂ ಸಂವತ್ಸರದ ಹೆಸರೇ.

ಸೊರಬದ ಹಿರೇಆವಲಿ, ಉದ್ರಿಗಳ ನಿಸಿದಿಗಳಲ್ಲಿ, ಅದರಲ್ಲಿಯೂ ಹದಿಮೂರು ಹದಿನಾಲ್ಕನೆಯ ಶತಮಾನಗಳ ಈಚೆಗಿನವುಗಳಲ್ಲಿ, ಚಂದ್ರಗಿರಿಯ ಸ್ಥಿತಿ ಬಹುಮಟ್ಟಿಗೆ ತಿರುಗುಮುರುಗಾಗಿದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಉಂಟು. ಎಷ್ಟು ಕಾಲ ನೋಂತರೆಂಬುದು ಅಪರೂಪ. ಏಳನೆಯ ಶತಮಾನದವರಿಗೆ ಅವಧಿ ಮುಖ್ಯವಾಗಿತ್ತು, ಇವರಿಗೆ ಮುಹೂರ್ತ. ಪ್ರತಿವರ್ಷ ಆ ತಿಥಿಯಂದು ಸ್ಮರಣೆ, ಪೂಜೆ ನಡೆಯಬೇಕಾದಾಗ ಬೇಕಾದುದು ದಿನವೇ ಹೊರತು ಅವಧಿಯಲ್ಲ ಎಂಬುದು ಈ ಬದಲಾವಣೆಗೆ ಒಂದು ಕಾರಣವಾಗಿರಬಹುದು. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಅವರು ಸಾಮಾನ್ಯವಾಗಿ ಇಸವಿಯನ್ನಷ್ಟೇ ಕೊಟ್ಟಿದ್ದಾರೆ. ಶಕವರ್ಷಕ್ಕೆ 78ನ್ನು ಕೂಡಿಸಿದಾಗ ಪುಷ್ಯದ ಕೊನೆ, ಮಾಘ, ಫಾಲ್ಗುಣಗಳ ಮಿತಿಗಳು ಮುಂದಿನ ಇಸವಿಗೆ ಸೇರುತ್ತವೆಂಬುದನ್ನು ಓದುಗನೇ ನೆನಪಿಡಬೇಕು. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗಕೋಷ್ಟಕಗಳು ಬಂದ ಮೇಲೆ ಒಂದೊಂದು ತಿಥಿಯನ್ನೂ ವಾರದೊಡನೆ ತಾಳೆನೋಡಲು ಸಾಧ್ಯವಾಯಿತು. ಇಂದಿಗೂ ಅನೇಕ ಪ್ರಬಂಧಗಳು ರೈಸ್ ಅವರ ಇಸವಿಯನ್ನೇ ತಾಳೆನೋಡದೆ ಎತ್ತಿಕೊಳ್ಳುತ್ತಿರುವುದು ಸಮರ್ಥನೀಯವಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಕಾನೂನು ಈ ಅಳತೆಗಳನ್ನೆಲ್ಲ ಒಂದೇ ಮಾತಿನಲ್ಲಿ ಹಿಂದಕ್ಕೆ ಸರಿಸಿತು. 1897ರ ಜನರಲ್ ಕ್ಲಾಸಸ್ ಆಕ್ಟ್ ‘ತಿಂಗಳು’ ಎಂದರೆ ಬ್ರಿಟಿಷ್ ಪಂಚಾಂಗದ ತಿಂಗಳು ಎಂದು ನಿರೂಪಿಸಿತು. ಹೊಸ ತಿಂಗಳು ಹಳೆಯದಕ್ಕಿಂತ ಸರಳವೆಂಬ ಭಾವನೆ ಸಾಮಾನ್ಯವಾಗಿದೆ. ಕೂಡುವ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಜನವರಿ 29ಕ್ಕೆ ಒಂದು ತಿಂಗಳು ಕೂಡಿಸಿದರೆ ಸಾಧಾರಣ ವರ್ಷದಲ್ಲಿ ಫೆಬ್ರವರಿ 29 ಎಂಬ ದಿನವೇ ಇಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 23ನೆಯ ಕಲಮು ಇದಕ್ಕಾಗಿಯೇ ನಿಯಮವೊಂದನ್ನು ಮಾಡಬೇಕಾಯಿತು: ಅನುರೂಪವಾದ ದಿನವಿಲ್ಲದಿದ್ದರೆ ಆ ತಿಂಗಳ ಕೊನೆಯ ದಿನಕ್ಕೆ ಅವಧಿ ಮುಗಿಯಿತೆಂದು ತಿಳಿಯತಕ್ಕದ್ದು. ಕಾನೂನು ಕೊಟ್ಟ ಉದಾಹರಣೆ 1878ರ ಜನವರಿ 29ರ ಪತ್ರದ್ದು. ಒಂದು ತಿಂಗಳ ವಾಯಿದೆ ಫೆಬ್ರವರಿ 28ಕ್ಕೆ ಮುಗಿದು, ಮೂರು ದಿನದ ರಿಯಾಯಿತಿ ಅಲ್ಲಿಂದ ಮುಂದಕ್ಕೆ. ಈ ರೀತಿಯ ಕೂಡಿಕೆಯಲ್ಲಿ ಜನವರಿ 28, 29, 30, 31 ನಾಲ್ಕೂ ಒಂದೇ ದಿನಕ್ಕೆ ಹೋಗಿ ಸೇರುತ್ತವೆ. ಅಲ್ಲಿಂದ ಒಂದು ತಿಂಗಳನ್ನು ಕಳೆದರೆ ಹೊರಟ ದಿನ ಮತ್ತೆ ಸಿಕ್ಕುವ ಭರವಸೆಯಿಲ್ಲ. ತಿಥಿಯ ಲೆಕ್ಕದಲ್ಲಿ ಈ ತೊಂದರೆ ಬೇರೆ ರೂಪದ್ದು. ಪ್ರತಿಯೊಂದು ಚಾಂದ್ರಮಾಸದಲ್ಲಿಯೂ ಮೂವತ್ತು ತಿಥಿಗಳು ಇದ್ದೇ ಇರುತ್ತವೆ. ಇಂದಿನ ಪಂಚಮಿಗೆ ತಿಂಗಳನ್ನು ಕೂಡಿಸಿದರೆ ಮುಂದಿನ ಪಂಚಮಿ ಇಲ್ಲವೆಂಬುದಿಲ್ಲ. ಒಂದು ಸೂರ್ಯೋದಯದ ಅನಂತರ ಹುಟ್ಟಿ ಮುಂದಿನ ಸೂರ್ಯೋದಯದೊಳಗೆ ಮುಗಿದು ‘ಅವಮ’ವಾಗಬಹುದಷ್ಟೆ. ಸೂರ್ಯಪ್ರಜ್ಞಪ್ತಿಯ ಲೆಕ್ಕದಲ್ಲಿ ಇಂಥ ಅವಮರಾತ್ರಿಗಳು ವರ್ಷಕ್ಕೆ ಸರಿಯಾಗಿ ಆರು.

ಆರಂಭದ ದಿನವೂ ಅವಧಿಯೂ ಒಟ್ಟಿಗೆ ದೊರೆಯುವ ಶಾಸನಗಳು ವಿರಳ. ಬೆಳ್ಗೊಳದಲ್ಲಿರುವ ಹೊಯ್ಸಳರ ಕಾಲದ ಶಾಸನವೊಂದು ಆ ವಿರಳಗಳಲ್ಲಿ ಒಂದು. ವಿಷ್ಣುವರ್ಧನನ ರಾಣಿ ಶಾಂತಲದೇವಿಯು ವಿರೋಧಿಕೃತು ಸಂವತ್ಸರದ, ಎಂದರೆ 1131ರ, ಚೈತ್ರ ಶುದ್ಧ ಪಂಚಮಿಯಂದು ಶಿವಗಂಗೆಯಲ್ಲಿ ಮುಡಿಪಿದಳು. ತಾಯಿ ಮಾಚಿಕಬ್ಬೆಯು ಆ ದುಃಖವನ್ನು ತಾಳಲಾರದೆ ಬೆಳ್ಗೊಳಕ್ಕೆ ಬಂದು ಸಂನ್ಯಸನವನ್ನು ಕೈಕೊಂಡು ಒಂದು ತಿಂಗಳ ಅನಶನದಿಂದ ದೇಹವನ್ನು ಬಿಟ್ಟಳು. ಮಗಳ ಮಿತಿ ಕಲ್ಲಿನ ಮೇಲಿದೆ, ತಾಯಿಯದನ್ನು ಕೂಡಿಸಿ ತಿಳಿಯಬೇಕು. ಆ ವರ್ಷ ಮೇಷಸಂಕ್ರಾಂತಿ ಚೈತ್ರದಲ್ಲಿ, ವೃಷಭಸಂಕ್ರಾಂತಿ ವೈಶಾಖದಲ್ಲಿ ಬಿದ್ದಿರುವುದರಿಂದ ನಡುವೆ ಅಧಿಕಮಾಸದ ಅಡ್ಡಿಯಿಲ್ಲ. ಮಗಳು ತೀರಿಕೊಂಡ ದಿನವೇ ತಾಯಿಯ ಅನಶನ ತೊಡಗಿತ್ತೆಂದು ಇಟ್ಟುಕೊಂಡರೂ ಅದು ಮುಗಿಯುವುದು ವೈಶಾಖ ಶುದ್ಧ ಪಂಚಮಿಗೆ. ಅದಕ್ಕೆ ಸುದ್ದಿ ಮುಟ್ಟಿದ ದಿನಗಳನ್ನೂ ಬೆಳ್ಗೊಳಕ್ಕೆ ಬಂದ ದಾರಿಯ ದಿನಗಳನ್ನೂ ಸೇರಿಸಿದರೆ ವೈಶಾಖದ ಹುಣ್ಣಿಮೆಯ ಹತ್ತಿರಕ್ಕೆ ಹೋಗಬಹುದು, ಬಹುಳಕ್ಕೂ ದಾಟಬಹುದು.